ಹೊಸ ಕೀಲು, ಹಳೆಯ ಕುಂಟು

ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ಹೆಚ್ಚಿನವರ ಹಳೆಯ ನೋವು ಮೂರು ತಿಂಗಳೊಳಗೆ ಹೋಗಿಬಿಡುತ್ತದೆ. ಕೆಲವರದ್ದು ಹೋಗುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ ಬ್ರಿಟನ್ನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಈ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳು, ವರ್ಷಗಳು ಕಳೆದ ಮೇಲೂ ಶೇ 7ರಿಂದ 23ರಷ್ಟು ಮಂದಿಯಲ್ಲಿ ಗಣನೀಯ ನೋವು ಉಳಿದಿರುತ್ತದೆ. ನೋವು ಪೂರ್ತಿ ಹೋದರೂ ನಡೆಯುವಾಗ ಒಂದು ಬದಿಗೆ ವಾಲುವುದು ನಿಲ್ಲದವರು ಬೇರೆ. ನೋವು ಮತ್ತು ಕುಂಟು ಒಂದೇ ಕಾಯಿಲೆಯ ಎರಡು ಹೆಸರುಗಳಲ್ಲ. ಒಂದರ ಕಾರಣ ಕೀಲಿನಲ್ಲಿದ್ದರೆ ಇನ್ನೊಂದರದ್ದು ಸ್ನಾಯುವಿನಲ್ಲಿರಬಹುದು. ಒಂದು ವಾರಗಳಲ್ಲಿ ವಾಸಿಯಾದರೆ ಇನ್ನೊಂದಕ್ಕೆ ವರ್ಷ ಬೇಕಾಗಬಹುದು. ಎರಡನ್ನೂ ಸೇರಿಸಿ ‘ಆಪರೇಶನ್ ಸರಿಯಾಗಲಿಲ್ಲ’ ಎಂದುಬಿಟ್ಟರೆ ಮುಂದಿನ ದಾರಿ ಕಾಣುವುದಿಲ್ಲ.

ಉತ್ತರ ಕನ್ನಡದ ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವಾಗ ಸಿಗುವ ಸೋಂದಾ ಸೀಮೆಯಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಇಲ್ಲಿನ ಮನೆಗಳು ಬೆಟ್ಟದ ಬುಡದಲ್ಲಿ, ತೋಟದ ನೆತ್ತಿಯಲ್ಲಿ ಇರುತ್ತವೆ. ತೋಟಕ್ಕೆ ಇಳಿಯಬೇಕು, ಸೊಪ್ಪಿನ ಬೆಟ್ಟಕ್ಕೆ ಹತ್ತಬೇಕು. ಸಮತಟ್ಟು ಎಂದರೆ ಅಂಗಳವೊಂದೇ. ಆಸ್ಪತ್ರೆಯ ನುಣುಪು ನೆಲದ ಮೇಲೆ ‘ಚೆನ್ನಾಗಿ ನಡೆಯುತ್ತಿದ್ದಾರೆ’ ಎಂದು ಬರೆಸಿಕೊಂಡು ಬಂದವರ ನಿಜವಾದ ಪರೀಕ್ಷೆ ನಡೆಯುವುದು ತೋಟದ ಇಳಿಜಾರಿನಲ್ಲಿ, ಹಳ್ಳದ ಸಂಕದ ಮೇಲೆ, ಎತ್ತರದ ಹೊಸ್ತಿಲಿನಲ್ಲಿ.

ಮೊದಲ ತೊಡಕು ಮಾತಿನದ್ದು. ‘ಸೊಂಟ ನೋವು’ ಎಂದರೆ ಕನ್ನಡದಲ್ಲಿ ಬೆನ್ನಿನ ಕೆಳಭಾಗದ ನೋವೂ ಹೌದು, ತೊಡೆಯ ಸಂದಿನ ನೋವೂ ಹೌದು, ಪಕ್ಕದ ಚಪ್ಪೆ ಎಲುಬಿನ ನೋವೂ ಹೌದು, ಕುಂಡೆಯ ನೋವೂ ಹೌದು. ಎಲುಬಿನ ವೈದ್ಯರಿಗೆ ಇವು ನಾಲ್ಕೂ ನಾಲ್ಕು ಬೇರೆ ಕಥೆಗಳು. ಎಲ್ಲಿ ಎಂದು ಕೇಳಿದಾಗ ಬಾಯಲ್ಲಿ ಹೇಳುವುದಕ್ಕಿಂತ ಒಂದು ಬೆರಳಿಟ್ಟು ತೋರಿಸುವುದು ಒಳ್ಳೆಯದು. ಅಂಗೈಯಿಡೀ ಬಳಸಿ ಸೊಂಟ ಸವರಿ ತೋರಿಸಿದರೆ ಅರ್ಧ ಸುದ್ದಿ ಕಳೆದುಹೋಗುತ್ತದೆ.

ಸೊಂಟದ ಕೀಲು ಎಂದರೆ ತೊಡೆಯೆಲುಬಿನ ತುದಿಯ ಗುಂಡು, ಅದು ಕೂರುವ ಬಟ್ಟಲು. ಶಸ್ತ್ರಚಿಕಿತ್ಸೆಯಲ್ಲಿ ಹಳೆಯ ಗುಂಡನ್ನು ಕತ್ತರಿಸಿ ತೆಗೆದು, ತೊಡೆಯೆಲುಬಿನ ಟೊಳ್ಳಿನೊಳಗೆ ಲೋಹದ ಕಾಂಡವನ್ನು ಇಳಿಸುತ್ತಾರೆ. ಅದರ ನೆತ್ತಿಯ ಮೇಲೆ ಲೋಹ ಅಥವಾ ಸಿರಾಮಿಕ್‌ನ ಹೊಸ ಗುಂಡು. ಸವೆದ ಬಟ್ಟಲನ್ನು ಕೆರೆದು ಹೊಸ ಬಟ್ಟಲು ಕೂರಿಸುತ್ತಾರೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಮೊದಲು ಟೆಫ್ಲಾನ್ ಬಟ್ಟಲು ಹಾಕಿ ಸೋತರು. ಅದು ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. 1962ರಲ್ಲಿ ಅವರು ಗಟ್ಟಿ ಪಾಲಿಥಿನ್‌ಗೆ ಬದಲಿಸಿದರು. ಇಂದಿನ ಕೀಲುಗಳೆಲ್ಲ ಹೆಚ್ಚುಕಡಿಮೆ ಆ ಬದಲಾವಣೆಯ ಮೊಮ್ಮಕ್ಕಳೇ. ಆದರೆ ಈ ಗುಂಡು ಮತ್ತು ಬಟ್ಟಲನ್ನು ಮುಟ್ಟಬೇಕಾದರೆ ದಾರಿಯಲ್ಲಿರುವ ಸ್ನಾಯುಗಳನ್ನು ಸರಿಸಬೇಕು, ಬಿಡಿಸಬೇಕು, ಕೆಲವೊಮ್ಮೆ ಸೀಳಬೇಕು. ಕೀಲು ಒಂದು ದಿನದಲ್ಲಿ ಹೊಸದಾಗುತ್ತದೆ, ಸ್ನಾಯು ಹೊಸದಾಗುವುದಿಲ್ಲ. ಅದು ಹಳೆಯದೇ, ಅದೂ ವರ್ಷಗಟ್ಟಲೆ ನೋವಿನ ಕಾಲನ್ನು ಉಳಿಸಿ ಉಳಿಸಿ ಸೊರಗಿಹೋದದ್ದು.

ಕುಂಟಿನ ಗುಟ್ಟು ಹೆಚ್ಚಾಗಿ ಇಲ್ಲಿದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ದೇಹದ ಭಾರವೆಲ್ಲ ಒಂದೇ ಕಾಲಿನ ಮೇಲಿರುತ್ತದೆ. ಮಳೆಗಾಲದಲ್ಲಿ ಸೋಂದಾದ ಮುಂಡಿಗೆ ಕೆರೆಗೆ ಬರುವ ಬೆಳ್ಳಕ್ಕಿಗಳು ಒಂಟಿಕಾಲಿನಲ್ಲಿ ಆರಾಮಾಗಿ ನಿಲ್ಲುತ್ತವೆ. ಮನುಷ್ಯನಿಗೆ ಅದು ಸುಲಭವಲ್ಲ. ಎತ್ತಿದ ಕಾಲಿನ ಕಡೆಗೆ ಸೊಂಟ ಕುಸಿಯದಂತೆ, ನೆಲದ ಮೇಲಿರುವ ಕಾಲಿನ ಪಕ್ಕದ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕು. ಸನ್ನೆಕೋಲಿನ ಲೆಕ್ಕ ಗೊತ್ತಿರುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಉದ್ದ ತೋಳಿನ ಕಡೆ ದೇಹದ ಭಾರ, ಗಿಡ್ಡ ತೋಳಿನ ಕಡೆ ಸ್ನಾಯು. 60 ಕಿಲೋ ತೂಕದವರಲ್ಲಿ ನೆಲದ ಮೇಲಿನ ಕಾಲನ್ನು ಬಿಟ್ಟರೆ ಸುಮಾರು 50 ಕಿಲೋ ಉಳಿಯುತ್ತದೆ. ಅದರ ತೋಳು ಸುಮಾರು 10 ಸೆಂ.ಮೀ., ಸ್ನಾಯುವಿನದ್ದು 5 ಸೆಂ.ಮೀ. ಎಂದುಕೊಂಡರೆ ಸ್ನಾಯು 100 ಕಿಲೋ ಬಲದಿಂದ ಎಳೆಯಬೇಕು. ಎರಡೂ ಸೇರಿ ಕೀಲಿನ ಮೇಲೆ 150 ಕಿಲೋ. ಇದು ಒರಟು ಲೆಕ್ಕ. ಆದರೂ ಬರ್ಲಿನ್ನಿನಲ್ಲಿ ಅಳತೆ ಯಂತ್ರ ಅಡಗಿಸಿದ ಕೀಲುಗಳನ್ನೇ ರೋಗಿಗಳಿಗೆ ಹಾಕಿ ನೋಡಿದಾಗ, ಸಾಧಾರಣ ನಡಿಗೆಯಲ್ಲಿ ದೇಹದ ತೂಕದ ಎರಡೂವರೆ ಪಟ್ಟಿನ ಆಸುಪಾಸಿನಲ್ಲೇ ಭಾರ ಬಿದ್ದದ್ದು ಕಂಡುಬಂತು. ಮೆಟ್ಟಿಲು ಇಳಿಯುವಾಗ ಇನ್ನೂ ಸ್ವಲ್ಪ ಹೆಚ್ಚು. ಎಡವಿದಾಗಲಂತೂ ಒಮ್ಮೊಮ್ಮೆ ಎಂಟು ಪಟ್ಟಿನವರೆಗೆ.

ಈ ಪಕ್ಕದ ಸ್ನಾಯು ಸೋತರೆ, ನೋವಿನ ಕಾಲಿನ ಮೇಲೆ ನಿಂತಾಗ ಇನ್ನೊಂದು ಬದಿಯ ಸೊಂಟ ಕೆಳಗಿಳಿಯುತ್ತದೆ. 1895ರಲ್ಲಿ ಇದನ್ನು ಮೊದಲು ವಿವರಿಸಿದ ಜರ್ಮನ್ ಶಸ್ತ್ರವೈದ್ಯ ಫ್ರೆಡ್ರಿಕ್ ಟ್ರೆಂಡೆಲೆನ್‌ಬರ್ಗ್ ಹೆಸರಿನಲ್ಲೇ ಆ ಲಕ್ಷಣ ಉಳಿದಿದೆ. ಕುಸಿತವನ್ನು ಸರಿದೂಗಿಸಲು ಮೈ ನೋವಿನ ಕಾಲಿನ ಕಡೆಗೇ ಓಲುತ್ತದೆ. ಊರಿನವರು ‘ಕಾಲು ಎಳೆಯುತ್ತಾರೆ’ ಎನ್ನುವುದು ಇದನ್ನೇ. ಮನೆಯಲ್ಲೇ ನೋಡಬೇಕೆಂದರೆ ಕಂಬವನ್ನು ಬೆರಳ ತುದಿಯಿಂದ ಮುಟ್ಟಿಕೊಂಡು ಒಂದೊಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲಬೇಕು, ಹಿಂದೆ ಇನ್ನೊಬ್ಬರು ನಿಂತು ಪಂಚೆಯ ಅಥವಾ ಲಂಗದ ಕಟ್ಟು ಯಾವ ಕಡೆಗೆ ಓರೆಯಾಗುತ್ತದೆ ಎಂದು ಗಮನಿಸಬೇಕು. ಕಾಲು ಎಳೆಯುವುದಕ್ಕೆ ಕಾಲು ಗಿಡ್ಡವಾಗಿರುವುದೇ ಕಾರಣ ಎಂಬುದು ಎಲ್ಲರ ಮೊದಲ ಊಹೆ. ಆ ಊಹೆ ತಪ್ಪುವುದೇ ಹೆಚ್ಚು.

ಕೀಲನ್ನು ತೆರೆದ ದಾರಿ ಯಾವುದು ಎಂಬುದಕ್ಕೂ ಇಲ್ಲಿ ಪಾತ್ರವಿದೆ. ಪಕ್ಕದಿಂದ ತೆರೆದಿದ್ದರೆ ಈ ಸ್ನಾಯುವಿನ ಒಂದು ಭಾಗವನ್ನೇ ಬಿಡಿಸಿ ಮತ್ತೆ ಹೊಲಿದಿರುತ್ತಾರೆ. ಅಂಥವರಲ್ಲಿ ಕುಂಟು ಉಳಿಯುವ ಸಂಭವ ಹೆಚ್ಚು. ಹಿಂದಿನಿಂದ ತೆರೆದರೆ ಆ ಸ್ನಾಯು ಉಳಿಯುತ್ತದೆ, ಆದರೆ ಕೀಲು ತಪ್ಪುವ ಭಯ ತುಸು ಹೆಚ್ಚೆಂದು ಮೊದಲಿನಿಂದ ಎಣಿಕೆ. ಮುಂದಿನಿಂದ ತೆರೆದರೆ ಸ್ನಾಯುಗಳಿಗೆ ಪೆಟ್ಟು ಕಡಿಮೆ, ತೊಡೆಯ ಹೊರಭಾಗದಲ್ಲಿ ಜೋಮು ಉಳಿಯಬಹುದು. ಯಾವುದೂ ಪೂರ್ತಿ ಪುಕ್ಕಟೆಯಲ್ಲ. ತಮ್ಮದನ್ನು ಯಾವ ಕಡೆಯಿಂದ ತೆರೆದರು ಎಂಬುದು ರೋಗಿಗೂ ಮನೆಯವರಿಗೂ ತಿಳಿದಿರಬೇಕು. ಹೊಲಿಗೆಯ ಗುರುತು ನೋಡಿ ಊಹಿಸುವ ಬದಲು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳುವುದು ಮೇಲು.

ಊರುಗೋಲಿನ ವಿಷಯದಲ್ಲಿ ನಡೆಯುವಷ್ಟು ತಪ್ಪು ಬೇರೆಲ್ಲೂ ನಡೆಯುವುದಿಲ್ಲ. ಬಲಗಾಲು ಆಪರೇಶನ್ ಆಗಿದ್ದರೆ ಬಲಗೈಯಲ್ಲೇ ಕೋಲು ಹಿಡಿಯುವುದು ಸಹಜವೆನಿಸುತ್ತದೆ. ಕೋಲು ಇರಬೇಕಾದದ್ದು ಎಡಗೈಯಲ್ಲಿ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಕೀಲಿನಿಂದ ಸುಮಾರು 40 ಸೆಂ.ಮೀ. ಆಚೆ ಎದುರು ಕೈಯಲ್ಲಿ ಬರೀ 5 ಕಿಲೋ ಒತ್ತಿದರೆ ಸಾಕು, ಸ್ನಾಯುವಿನ ದುಡಿಮೆ 100 ಕಿಲೋದಿಂದ 60ಕ್ಕೆ ಇಳಿಯುತ್ತದೆ. ಉದ್ದ ತೋಳಿನ ಕೊನೆಯಲ್ಲಿ ಕೊಟ್ಟ ಸಣ್ಣ ಆಸರೆಗೆ ಇಷ್ಟು ಬಲ. ಅದೇ ಕೈಯಲ್ಲಿ ಹಿಡಿದರೆ ಮೈ ಇನ್ನಷ್ಟು ವಾಲುತ್ತದೆ, ಅಷ್ಟೇ. ಅಮೆರಿಕದ ಎಲುಬು ವೈದ್ಯ ವಾಲ್ಟರ್ ಬ್ಲೌಂಟ್ 1956ರಲ್ಲಿ, ಕೋಲನ್ನು ಎಸೆಯಬೇಡಿ ಎಂಬರ್ಥದ ತಲೆಬರಹ ಕೊಟ್ಟು ಒಂದು ಲೇಖನವನ್ನೇ ಬರೆದರು. ಕೋಲು ಬಿಡುವುದೇ ವಾಸಿಯಾದ ಗುರುತು ಎಂಬ ನಂಬಿಕೆ ಅಲ್ಲಿಯೂ ಇತ್ತೆಂದು ಕಾಣುತ್ತದೆ. ಕುಂಟುತ್ತ ಕೋಲಿಲ್ಲದೆ ನಡೆಯುವುದಕ್ಕಿಂತ ಕೋಲು ಹಿಡಿದು ನೇರ ನಡೆಯುವುದು ಒಳ್ಳೆಯದು. ಕುಂಟಿ ನಡೆದಷ್ಟು ದಿನ ಮೈಗೆ ಕುಂಟೇ ರೂಢಿಯಾಗುತ್ತದೆ.

ಕೋಲಿನ ಎತ್ತರ, ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ಕಾಡಿನ ಬೆತ್ತದ ಕೋಲು ಚಂದವೇ, ಆದರೆ ತುದಿಗೆ ರಬ್ಬರ್ ಬೂಟು ಬೇಕು, ಅದು ಸವೆದಾಗ ಬದಲಿಸಬೇಕು. ಮೆಟ್ಟಿಲು ಮತ್ತು ದರೆಯ ಏರು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ಆಪರೇಶನ್ ಆದ ಕಾಲು ಮೊದಲು. ಬಸ್ಸು ಹತ್ತುವುದಕ್ಕೂ ಇದೇ ಕ್ರಮ. ಕಂಡಕ್ಟರ್ ಅವಸರ ಮಾಡಿದರೂ ಕ್ರಮ ತಪ್ಪಬಾರದು.

ಈಗ ಕಾಲಿನ ಉದ್ದದ ವಿಷಯ. ಆಪರೇಶನ್ ಆದ ಕಾಲು ‘ಉದ್ದವಾಗಿದೆ’ ಎಂಬ ದೂರು ಮೊದಲ ತಿಂಗಳುಗಳಲ್ಲಿ ಬಹಳ ಸಾಮಾನ್ಯ. ಇದಕ್ಕೆ ಮೂರು ಬೇರೆ ಕಾರಣಗಳಿರಬಹುದು. ವರ್ಷಗಟ್ಟಲೆ ಕೀಲು ಸವೆದು ಕಾಲು ಒಂದೆರಡು ಸೆಂ.ಮೀ. ಗಿಡ್ಡವಾಗಿದ್ದವರಿಗೆ ಅದನ್ನು ಮೊದಲಿನ ಉದ್ದಕ್ಕೆ ತಂದಾಗ, ಸರಿಯಾದ ಅಳತೆಯೇ ಹೆಚ್ಚಾದಂತೆ ಭಾಸವಾಗುತ್ತದೆ. ಎರಡನೆಯದು, ಬಿಗಿದ ಸ್ನಾಯುಗಳಿಂದ ಅಥವಾ ಓರೆಯಾಗಿ ಗಟ್ಟಿಯಾದ ಬೆನ್ನಿನಿಂದ ಸೊಂಟವೇ ವಾಲಿ ನಿಂತಿರುವುದು. ಎಲುಬುಗಳ ಉದ್ದ ಸಮವಿದ್ದರೂ ಕಾಲು ಉದ್ದವೆನಿಸುತ್ತದೆ. ಮೂರನೆಯದು ನಿಜವಾದ ವ್ಯತ್ಯಾಸ. ಕೀಲು ತಪ್ಪದಂತೆ ಸ್ನಾಯುಗಳಲ್ಲಿ ಬಿಗಿ ತರಲು ಶಸ್ತ್ರವೈದ್ಯರು ಕೆಲವೊಮ್ಮೆ ತಿಳಿದೇ ತುಸು ಉದ್ದ ಮಾಡಬೇಕಾಗುತ್ತದೆ, ಹಾಗಾಗಿ ಉದ್ದವಾದ ಕಾಲೆಲ್ಲ ಕೈತಪ್ಪಿನ ಸಾಕ್ಷಿಯಲ್ಲ. ಒಂದು ಸೆಂ.ಮೀ. ಒಳಗಿನ ಅಂತರವನ್ನು ಹೆಚ್ಚಿನವರ ಮೈ ಕೆಲವು ತಿಂಗಳಲ್ಲಿ ಒಪ್ಪಿಕೊಳ್ಳುತ್ತದೆ. ಎರಡು ಸೆಂ.ಮೀ. ದಾಟಿದರೆ ಬೆನ್ನುನೋವು, ಬೇಗ ದಣಿಯುವುದು, ಇನ್ನೊಂದು ಮಂಡಿಗೆ ತೊಂದರೆ ಬರಬಹುದು.

ಅಳೆಯುವ ಕ್ರಮವೂ ಸುಲಭ. ಮಲಗಿಸಿ ಟೇಪು ಹಿಡಿದು, ಸೊಂಟದ ಮುಂದಿನ ಎಲುಬಿನ ಮೊನೆಯಿಂದ ಒಳಗಿನ ಹರಡಿನವರೆಗೆ ಅಳೆದರೆ ನಿಜವಾದ ಉದ್ದ. ಹೊಕ್ಕುಳಿನಿಂದ ಅಳೆದರೆ ತೋರುವ ಉದ್ದ. ಎರಡು ಕಾಲುಗಳ ವ್ಯತ್ಯಾಸ ಈ ಎರಡು ಅಳತೆಗಳಲ್ಲಿ ಬೇರೆ ಬೇರೆ ಬಂದರೆ ಅದು ಸೊಂಟದ ವಾಲಿನ ಗುರುತು. ನಿಲ್ಲಿಸಿ ನೋಡುವುದು ಇನ್ನೂ ಒಳ್ಳೆಯದು. ಗಿಡ್ಡ ಕಾಲಿನ ಕೆಳಗೆ ಅರ್ಧ ಸೆಂ.ಮೀ. ದಪ್ಪದ ಹಲಗೆ ತುಂಡುಗಳನ್ನು ಒಂದೊಂದಾಗಿ ಇಡುತ್ತಾ ಹೋಗಿ, ಸೊಂಟ ಮಟ್ಟಕ್ಕೆ ಬಂತೆಂದು ಅನಿಸಿದಲ್ಲಿ ನಿಲ್ಲಿಸಿ ಎಣಿಸಬೇಕು. ಇವೆಲ್ಲಕ್ಕೂ ಮೊದಲು ಪತ್ತೆ ಹಚ್ಚುವವರು ದರ್ಜಿಗಳು. ಪ್ಯಾಂಟಿನ ಒಂದು ಕಾಲನ್ನು ಮಾತ್ರ ಮಡಚಿ ಹೊಲಿಯಬೇಕಾದಾಗ ಅವರು ಕೇಳದೆ ಬಿಡುವುದಿಲ್ಲ.

ಅಂತರ ಕಂಡಿತೆಂದು ತಕ್ಷಣ ಚಪ್ಪಲಿಗೆ ಹೊಸ ಅಟ್ಟೆ ಹಾಕಿಸುವುದು ಆತುರದ ಕೆಲಸ. ಸ್ನಾಯುಗಳ ಬಿಗಿ ಸಡಿಲಲು ಮೂರರಿಂದ ಆರು ತಿಂಗಳು ಬೇಕು. ಅದಕ್ಕೂ ಮೊದಲು ಎತ್ತರ ಕೊಟ್ಟರೆ ವಾಲಿದ ಸೊಂಟ ವಾಲಿದಲ್ಲೇ ನಿಲ್ಲುತ್ತದೆ. ನಿಜವಾದ ಅಂತರ ಉಳಿದೇ ಉಳಿದರೆ ಅದರ ಅರ್ಧದಷ್ಟರಿಂದ ಆರಂಭಿಸುವುದು ವಾಡಿಕೆ. ಒಂದು ಸೆಂ.ಮೀ.ವರೆಗಿನ ಹಿಮ್ಮಡಿಯ ದಿಂಬು ಬೂಟಿನೊಳಗೆ ಕೂರುತ್ತದೆ, ಅದಕ್ಕಿಂತ ಹೆಚ್ಚಾದರೆ ಅಟ್ಟೆಯ ಕೆಳಗೇ ಸೇರಿಸಬೇಕು. ಇಲ್ಲಿ ಮಲೆನಾಡಿನ ಸಮಸ್ಯೆ ಎದುರಾಗುತ್ತದೆ. ಬೂಟು ಹಾಕುವವರು ಕಡಿಮೆ, ಹವಾಯಿ ಚಪ್ಪಲಿಯಲ್ಲಿ ದಿಂಬು ನಿಲ್ಲುವುದಿಲ್ಲ, ಮನೆಯೊಳಗೆ ಎಲ್ಲರೂ ಬರಿಗಾಲು. ಹಗಲಿನ ಹೆಚ್ಚಿನ ಹೆಜ್ಜೆಗಳು ಬೀಳುವುದು ಜಗಲಿ, ಅಡುಗೆಮನೆ, ಬಚ್ಚಲಿನ ನಡುವೆ. ಹೊರಗಿನ ಚಪ್ಪಲಿ ಎಷ್ಟು ಸರಿಯಿದ್ದರೂ ಆ ಹೆಜ್ಜೆಗಳಿಗೆ ಅದರಿಂದ ಉಪಯೋಗವಿಲ್ಲ. ಹಿಂದೆ ಪಟ್ಟಿಯಿರುವ, ಅಟ್ಟೆ ಎತ್ತರಿಸಿದ ಒಂದು ಜೊತೆಯನ್ನು ಮನೆಯೊಳಗೆ ಮಾತ್ರ ಬಳಸುವುದು ಇದಕ್ಕೆ ದಾರಿ. ಮಡಿಯ ಮನೆಗಳಲ್ಲಿ ಇದಕ್ಕೆ ಒಪ್ಪಿಗೆ ಸಿಗುವುದು ಆಪರೇಶನ್‌ಗಿಂತ ಕಷ್ಟವಾದೀತು. ನೀರಲ್ಲಿ ತೊಳೆಯಬಹುದಾದ ರಬ್ಬರ್ ಚಪ್ಪಲಿಗೆ ಮೋಚಿಯಿಂದ ಒಂದು ಪದರ ಅಂಟಿಸಿದರೆ ಮಾತು ಮುಗಿಯಬಹುದು.

ಹುಟ್ಟಿನಿಂದ ಅಥವಾ ಬಾಲ್ಯದಿಂದ ಸೊಂಟದ ತೊಂದರೆಯಿದ್ದವರ ಲೆಕ್ಕ ಬೇರೆ. ಸಿದ್ದಾಪುರಕ್ಕೆ ಹೊಂದಿಕೊಂಡ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ‘ಹಂದಿಗೋಡು ಕಾಯಿಲೆ’ ವಂಶಪಾರಂಪರ್ಯವಾಗಿ ಬರುವಂಥದ್ದು. ಸೊಂಟದ ಕೀಲುಗಳು ಎಳೆತನದಲ್ಲೇ ಹಾಳಾಗುವುದು ಅದರ ಮುಖ್ಯ ಲಕ್ಷಣ. ಅಂಥ ದೀರ್ಘಕಾಲದ ಕಾಯಿಲೆಯಲ್ಲಿ, ಪೋಲಿಯೊದಿಂದ ಸೊರಗಿದ ಕಾಲಿನಲ್ಲಿ, ಎಂದೋ ಮರದಿಂದ ಬಿದ್ದು ಬಟ್ಟಲು ಒಡೆದವರಲ್ಲಿ ಸ್ನಾಯು, ಬೆನ್ನು, ಮಂಡಿ ಎಲ್ಲವೂ ಕುಂಟಿಗೆ ಹೊಂದಿಕೊಂಡು ಬೆಳೆದಿರುತ್ತವೆ. ಹೊಸ ಕೀಲು ಅವರ ನೋವು ತೆಗೆಯಬಹುದು, ನಡಿಗೆ ಪೂರ್ತಿ ತಿದ್ದದಿರಬಹುದು. ಇದನ್ನು ಆಪರೇಶನ್‌ಗೆ ಮೊದಲೇ ಹೇಳುವುದು ನ್ಯಾಯ.

ನೋವಿಗೆ ಬಂದರೆ, ಜಾಗವೇ ಮೊದಲ ಸುಳಿವು. ತೊಡೆಯ ಸಂದಿನಲ್ಲಿ ನೋವಿದ್ದರೆ ಬಟ್ಟಲಿನ ಕಡೆ ನೋಡಬೇಕು. ಕಾಲನ್ನು ಎತ್ತಿ ಕಾರಿನೊಳಗೆ ಇಡುವಾಗ, ಮೆಟ್ಟಿಲು ಹತ್ತುವಾಗ ಮಾತ್ರ ಚುಚ್ಚುವ ಸಂದಿನ ನೋವಾದರೆ ಬಟ್ಟಲಿನ ಅಂಚಿಗೆ ಮುಂಭಾಗದ ಸ್ನಾಯುವಿನ ರಜ್ಜು ತಿಕ್ಕುತ್ತಿರಬಹುದು. ತೊಡೆಯ ನಡುವೆ, ಅದರಲ್ಲೂ ಕೂತಲ್ಲಿಂದ ಎದ್ದ ಮೊದಲ ನಾಲ್ಕು ಹೆಜ್ಜೆಗೆ ಕಾಣಿಸಿಕೊಂಡು ಆಮೇಲೆ ಕಡಿಮೆಯಾಗುವ ನೋವು, ಎಲುಬಿನೊಳಗಿನ ಕಾಂಡ ಸಡಿಲಾದುದರ ಸೂಚನೆಯಾಗಬಹುದು. ಪಕ್ಕದ ಚಪ್ಪೆ ಎಲುಬಿನ ಮೇಲೆ ಬೆರಳಿಟ್ಟರೆ ನೋಯುವುದು, ಆ ಮಗ್ಗುಲಿಗೆ ಮಲಗಲಾಗದಿರುವುದು ಸ್ನಾಯುವಿನ ಬುಡದ ಅಥವಾ ಅಲ್ಲಿನ ನೀರುಚೀಲದ ಊತ. ಇದು ಬಹಳ ಸಾಮಾನ್ಯ, ವ್ಯಾಯಾಮಕ್ಕೆ ಒಗ್ಗುವಂಥದ್ದು, ಹೆಚ್ಚು ಹೆದರಬೇಕಾದ್ದಲ್ಲ. ಕುಂಡೆಯಿಂದ ಹೊರಟು ಮಂಡಿ ದಾಟಿ ಪಾದದವರೆಗೆ ಇಳಿಯುವ ನೋವಿನ ಬೇರು ಹೆಚ್ಚಾಗಿ ಬೆನ್ನಿನಲ್ಲಿರುತ್ತದೆ. ಸೊಂಟ ಸವೆಯುವ ವಯಸ್ಸಿನಲ್ಲಿ ಬೆನ್ನೂ ಸವೆದಿರುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಬದಲಿಸಿದಾಗ ಇನ್ನೊಂದು ತನ್ನ ಸರದಿಗೆ ಮುಂದೆ ಬರುತ್ತದೆ. ಪಾದವನ್ನು ಮೇಲೆತ್ತಲಾಗದೆ ಬೆರಳು ನೆಲಕ್ಕೆ ತಾಗಿ ಎಡವುತ್ತಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ಚೇತರಿಕೆಗೆ ತಿಂಗಳುಗಳೇ ಹಿಡಿಯುತ್ತವೆ, ಅಷ್ಟು ಕಾಲ ಪಾದಕ್ಕೆ ಆಸರೆಯ ಪಟ್ಟಿ ಬೇಕು.

ಜಾಗದಷ್ಟೇ ಮುಖ್ಯವಾದದ್ದು ಹೊತ್ತು. ನಡೆದಾಗ ಬಂದು ಕೂತಾಗ ಹೋಗುವ ನೋವು ಯಂತ್ರದ ನೋವು. ಮಲಗಿದಾಗಲೂ ಬಿಡದ, ನಡುರಾತ್ರಿ ಎಬ್ಬಿಸುವ ನೋವು ಸೋಂಕಿನದ್ದಾಗಿರಬಹುದು. ಆಪರೇಶನ್ ಆದ ದಿನದಿಂದ ನೋವಿಲ್ಲದ ಒಂದು ವಾರವೂ ಇರಲಿಲ್ಲ ಎನ್ನುವವರಲ್ಲಿ ಸೋಂಕಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಗಾಯದಿಂದ ಒಸರುವುದು, ಕೆಂಪಾಗುವುದು, ಜ್ವರ ಇದ್ದರೆ ಹೇಳುವುದೇ ಬೇಡ. ಕೀಲಿನ ಸೋಂಕು ನೂರರಲ್ಲಿ ಒಬ್ಬರಿಗೆ ಬರುವಷ್ಟು ವಿರಳ, ಆದರೆ ಬಂದರೆ ಗುಳಿಗೆಗೆ ಬಗ್ಗುವುದಿಲ್ಲ. ರಕ್ತದ ಸಿಆರ್‌ಪಿ, ಇಎಸ್‌ಆರ್ ಪರೀಕ್ಷೆಗಳಿಂದ ಆರಂಭಿಸಿ, ಅನುಮಾನ ಉಳಿದರೆ ಸೂಜಿಯಿಂದ ಕೀಲಿನ ನೀರು ತೆಗೆದು ಪರೀಕ್ಷಿಸುತ್ತಾರೆ. ಅದಕ್ಕೂ ಮೊದಲು ಯಾರೋ ಕೊಟ್ಟ ಆಂಟಿಬಯಾಟಿಕ್ ನುಂಗಿಬಿಟ್ಟರೆ ರೋಗಾಣು ಅಡಗಿ ಕೂರುತ್ತದೆ, ಪರೀಕ್ಷೆ ಸುಳ್ಳು ಹೇಳುತ್ತದೆ. ಈ ಕಾರಣಕ್ಕೇ ಕೀಲಿನ ನೋವಿಗೆ ‘ಒಂದು ಕೋರ್ಸ್ ತಗೊಂಡು ನೋಡಿ’ ಎನ್ನುವ ಸಲಹೆ ಅಪಾಯದ್ದು. ಸೋಂಕು ವರ್ಷಗಳ ನಂತರವೂ ರಕ್ತದ ಮೂಲಕ ಬರಬಹುದು: ಹುಳುಕು ಹಲ್ಲಿನಿಂದ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಿಂದ, ಮಳೆಗಾಲದಲ್ಲಿ ಉಂಬಳ ಕಚ್ಚಿದಲ್ಲಿ ಕೆರೆದು ಕೆರೆದು ಕೀವಾದ ಗಾಯದಿಂದಲೂ. ಉಂಬಳದ ಗಾಯವನ್ನು ಯಾರೂ ಗಾಯವೆಂದು ಎಣಿಸದ ಊರಿನಲ್ಲಿ ಕೀಲು ಬದಲಿಸಿಕೊಂಡವರು ಮಾತ್ರ ಎಣಿಸಬೇಕು.

ಲೋಹದ ಗುಂಡು ಲೋಹದ ಬಟ್ಟಲಿಗೇ ಉಜ್ಜುವ ಕೀಲುಗಳು ಕೆಲ ಕಾಲ ಚಾಲ್ತಿಯಲ್ಲಿದ್ದವು. ಅವುಗಳಿಂದ ಉದುರುವ ಲೋಹದ ಕಣಗಳು ಸುತ್ತಲಿನ ಮಾಂಸವನ್ನು ಕೆಡಿಸುತ್ತವೆಂದು ತಿಳಿದ ಮೇಲೆ, ಡಿಪ್ಯೂ ಕಂಪನಿ 2010ರ ಆಗಸ್ಟ್‌ನಲ್ಲಿ ತನ್ನ ಎಎಸ್‌ಆರ್ ಕೀಲುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಭಾರತದಲ್ಲೂ ಅವನ್ನು ಹಾಕಿಸಿಕೊಂಡವರಿದ್ದರು. ಪರಿಹಾರ ನಿಗದಿಗೆ ಕೇಂದ್ರ ಸರ್ಕಾರ 2018ರಲ್ಲಿ ಸಮಿತಿ ನೇಮಿಸಿತು. 2010ಕ್ಕೆ ಮುಂಚಿನ ವರ್ಷಗಳಲ್ಲಿ ಆಪರೇಶನ್ ಆದವರು ತಮ್ಮದು ಯಾವ ಕೀಲು ಎಂದು ಕಾಗದ ತೆಗೆದು ನೋಡಬೇಕು.

ಕುಂಟಿಗೆ ಮದ್ದು ವ್ಯಾಯಾಮ, ಅದಕ್ಕೆ ಮಲೆನಾಡಿನ ಮನೆ ಹೇಳಿಮಾಡಿಸಿದಂತಿದೆ. ಜಗಲಿಯ ಕಂಬ ಹಿಡಿದು ನಿಂತು, ಮೈ ಓಲಿಸದೆ ಕಾಲನ್ನು ಪಕ್ಕಕ್ಕೆ, ಆಮೇಲೆ ಹಿಂದಕ್ಕೆ ನಿಧಾನ ಎತ್ತಿ ಇಳಿಸಬೇಕು. ಮಂಡಿ ಮಡಚಿ ಮಲಗಿ ಸೊಂಟವನ್ನು ಚಾಪೆಯಿಂದ ಮೇಲೆತ್ತಿ ಐದು ಎಣಿಸಬೇಕು. ವೈದ್ಯರು ಒಪ್ಪಿದ ಮೇಲೆ, ಮಂಡಿಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತಬೇಕು. ಪಕ್ಕದ ಸ್ನಾಯುವಿಗೆ ಇದಕ್ಕಿಂತ ನೇರವಾದ ಕೆಲಸವಿಲ್ಲ. ಮನೆಯ ತಗ್ಗಿನ ಮೆಟ್ಟಿಲೊಂದನ್ನು ಆಪರೇಶನ್ ಆದ ಕಾಲಿನಲ್ಲೇ ಹತ್ತಿ ಇಳಿಯುವುದು, ಎರಡು ತೂಕದ ಯಂತ್ರಗಳ ಮೇಲೆ ಒಂದೊಂದು ಕಾಲಿಟ್ಟು ಎರಡಕ್ಕೂ ಸಮ ಭಾರ ಬೀಳುವಂತೆ ನಿಲ್ಲುವುದು ಆಮೇಲಿನವು. ನೋವಿದ್ದ ಕಾಲದಲ್ಲಿ ಬಾಗಿಯೇ ನಡೆದು ಸೊಂಟದ ಮುಂಭಾಗ ಗಿಡ್ಡವಾಗಿದ್ದರೆ, ದಿನಕ್ಕೆ ಕಾಲು ಗಂಟೆ ಬೋರಲು ಮಲಗುವುದು ಅದನ್ನು ಹಿಗ್ಗಿಸುತ್ತದೆ. ಮುಂದಿನಿಂದ ತೆರೆಸಿಕೊಂಡವರು ಮಾತ್ರ ಮೊದಲ ವಾರಗಳಲ್ಲಿ ಕೇಳಿಕೊಂಡೇ ಮಾಡಬೇಕು.

ನಡಿಗೆಯ ಅಭ್ಯಾಸ ಅಂಗಳದಲ್ಲೇ ಆರಂಭವಾಗಬೇಕು. ರಸ್ತೆಯ ಅಂಚು ಒಂದು ಬದಿಗೆ ಇಳಿಜಾರಾಗಿರುವುದರಿಂದ ಅದರ ಮೇಲೆ ನಡೆದವರಿಗೆ ಕಾಲಿನ ಉದ್ದದ ವ್ಯತ್ಯಾಸ ಇದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹೆಜ್ಜೆಗಳ ಉದ್ದ ಎರಡೂ ಕಡೆ ಸಮವಿರಲಿ ಎಂಬುದೊಂದೇ ಮೊದಲ ಗುರಿ, ವೇಗ ಆಮೇಲೆ. ಒಬ್ಬರು ಮೊಬೈಲಿನಲ್ಲಿ ಹಿಂದಿನಿಂದ ತಿಂಗಳಿಗೊಮ್ಮೆ ವಿಡಿಯೊ ತೆಗೆದಿಟ್ಟರೆ ಸುಧಾರಣೆ ಕಣ್ಣಿಗೆ ಕಾಣುತ್ತದೆ. ದಿನದಿನದ ಕಣ್ಣಿಗೆ ಅದು ಸಿಗುವುದಿಲ್ಲ. ಈ ಸ್ನಾಯು ಪೂರ್ತಿ ಬಲ ಪಡೆಯಲು ಒಂದು ವರ್ಷ, ಕೆಲವರಿಗೆ ಎರಡು ವರ್ಷವೂ ಬೇಕಾಗುತ್ತದೆ. ಫಿಸಿಯೋಥೆರಪಿಯನ್ನು ಆರನೆಯ ವಾರಕ್ಕೆ ಬಿಟ್ಟವರ ಕುಂಟಿಗೆ ಯಾರನ್ನೂ ದೂರುವಂತಿಲ್ಲ. ವರ್ಷವಿಡೀ ಸರಿಯಾಗಿ ಮಾಡಿಯೂ ಒಂಟಿಕಾಲಿನಲ್ಲಿ ನಿಲ್ಲಲಾಗದಿದ್ದರೆ, ಹೊಲಿದ ಸ್ನಾಯು ಬಿಟ್ಟುಕೊಂಡಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡಬೇಕಾಗುತ್ತದೆ.

ಕೂರುವುದು ಇನ್ನೊಂದು ದೊಡ್ಡ ವಿಷಯ. ಹಿಂದಿನಿಂದ ತೆರೆದ ಕೀಲಿಗೆ ಅಪಾಯ ಬರುವುದು ಮಂಡಿ ಸೊಂಟಕ್ಕಿಂತ ಮೇಲೇರುವಷ್ಟು ತಗ್ಗಿನಲ್ಲಿ ಕೂತು, ಕಾಲನ್ನು ಒಳಮುಖ ತಿರುಗಿಸಿ ಮುಂದಕ್ಕೆ ಬಾಗಿದಾಗ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ಕೂತು ಅಡಿಕೆ ಸುಲಿಯುವುದು, ಕೊಟ್ಟಿಗೆಯಲ್ಲಿ ಕುಕ್ಕರುಗಾಲಿನಲ್ಲಿ ಹಾಲು ಕರೆಯುವುದು, ಬಚ್ಚಲಿನ ಹಂಡೆಯಿಂದ ಬಗ್ಗಿ ನೀರು ಮೊಗೆಯುವುದು, ತಗ್ಗಿನ ಮಣೆಯ ಮೇಲೆ ಊಟದ ಪಂಕ್ತಿ, ಎಲ್ಲವೂ ಈ ಭಂಗಿಯ ಬಂಧುಗಳೇ. ಮುಂದಿನಿಂದ ತೆರೆಸಿಕೊಂಡವರಿಗೆ ಅಪಾಯ ಇದರ ತಿರುವುಮುರುವು: ಕಾಲನ್ನು ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸಿದಾಗ. ವಾದಿರಾಜ ಮಠ, ಸ್ವರ್ಣವಲ್ಲಿ, ಜೈನ ಮಠ ಮೂರೂ ಇರುವ ಸೋಂದಾದಲ್ಲಿ ಬಾಗುವ ಸಂದರ್ಭಗಳಿಗೆ ಕೊರತೆಯಿಲ್ಲ. ಸಾಷ್ಟಾಂಗದಲ್ಲಿ ಬೋರಲು ಮಲಗಿರುವುದಕ್ಕಿಂತ ಕೆಳಗೆ ಇಳಿಯುವುದು, ಮೇಲೆ ಏಳುವುದು ಕಷ್ಟದ್ದು. ನಿಂತೇ ಕೈಮುಗಿಯುವುದಕ್ಕೆ ಯಾವ ದೇವರ ಆಕ್ಷೇಪಣೆಯೂ ಇರಲಾರದು. ಮೊದಲ ಆರರಿಂದ ಹನ್ನೆರಡು ವಾರ ಈ ಎಚ್ಚರ ಬಿಗಿಯಾಗಿರಬೇಕು. ಆಮೇಲೆ ಚಕ್ಕಳಮಕ್ಕಳ ಕೂರಬಹುದೇ ಎಂಬುದು ಹಾಕಿದ ಗುಂಡಿನ ಗಾತ್ರ, ಬಟ್ಟಲು ಕೂತ ಕೋನ ನೋಡಿ ಶಸ್ತ್ರವೈದ್ಯರು ಹೇಳಬೇಕಾದ ಮಾತು. ಪಕ್ಕದ ಮನೆಯವರು ಕೂರುತ್ತಾರೆ ಎಂಬುದು ಆಧಾರವಲ್ಲ. ಸುಲಿಯುವ ಕೆಲಸವನ್ನು ಮೇಜಿನೆತ್ತರಕ್ಕೆ ತರುವುದು, ಕಮೋಡಿನ ಮೇಲೆ ಎತ್ತರದ ಕುರ್ಚಿ ಇಡುವುದು, ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ತಿರುಚಿ ಕೂರದಿರುವುದು ಯಾವಾಗಲೂ ಒಳ್ಳೆಯದು.

ಮಳೆಗಾಲಕ್ಕೆ ಬೇರೆ ತಯಾರಿ ಬೇಕು. ಜೂನ್‌ನಿಂದ ಅಂಗಳ, ಮೆಟ್ಟಿಲು, ಬಚ್ಚಲ ದಾರಿ ಪಾಚಿ ಹಿಡಿಯುತ್ತವೆ. ಎಡವಿದಾಗ ಕೀಲಿನ ಮೇಲೆ ಬೀಳುವ ಭಾರ ಎಷ್ಟೆಂದು ಮೇಲೆ ಹೇಳಿಯಾಗಿದೆ. ಬಿದ್ದರಂತೂ ಲೋಹದ ಕಾಂಡದ ಸುತ್ತ ತೊಡೆಯೆಲುಬು ಸೀಳಬಹುದು, ಆ ಮುರಿತದ ರಿಪೇರಿ ಮೊದಲ ಆಪರೇಶನ್‌ಗಿಂತ ದೊಡ್ಡದು. ದಿನಾ ಓಡಾಡುವ ದಾರಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಬೇಕು, ಬಚ್ಚಲಿಗೆ ಹಿಡಿಕೆ ಹಾಕಿಸಬೇಕು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕೊಡೆ ಹಿಡಿದವರಿಗೆ ಬೀಳುವಾಗ ಹಿಡಿದುಕೊಳ್ಳಲು ಕೈಯೇ ಉಳಿದಿರುವುದಿಲ್ಲ. ಕೊಡೆಯ ಬದಲು ರೇನ್‌ಕೋಟು ಅಥವಾ ಕಂಬಳಿಕೊಪ್ಪೆ ವಾಸಿ. ಕೊಡೆಯನ್ನೇ ಕೋಲಾಗಿ ಊರುವುದು ಎಲ್ಲಕ್ಕಿಂತ ಕೆಟ್ಟದ್ದು, ಅದರ ತುದಿಗೆ ಹಿಡಿತವೇ ಇಲ್ಲ. ಒದ್ದೆ ಸಂಕವನ್ನು ಮೊದಲ ಮಳೆಗಾಲಕ್ಕಾದರೂ ಬಿಟ್ಟು ಸುತ್ತುದಾರಿ ಹಿಡಿಯಬೇಕು.

ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಹೇಳಿದ ಪ್ರಮಾಣದಲ್ಲಿ ಸುರಕ್ಷಿತ. ಊತ ಇಳಿಸುವ ನೋವಿನ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ, ಹೃದಯ ಬೆಲೆ ತೆರುತ್ತವೆ. ಉರಿ, ಜುಮುಜುಮು, ಬಟ್ಟೆ ತಾಗಿದರೂ ನೋವು ಎನ್ನುವಂಥದ್ದು ನರದ ನೋವು, ಅದಕ್ಕೆ ಬೇರೆ ಔಷಧಿಗಳಿವೆ. ಗಾಯ ಪೂರ್ತಿ ಕೂಡಿದ ಮೇಲೆ ಬಿಸಿ ಎಣ್ಣೆ ಹಚ್ಚಿ ಮೆಲ್ಲಗೆ ತೀಡುವುದರಿಂದ ಹಾನಿಯಿಲ್ಲ, ಹಿತವೂ ಆದೀತು. ಎಲುಬು ಕೂರಿಸುವವರ ಕೈಯಲ್ಲಿ ಕೀಲನ್ನು ತಿರುಚಿಸಿಕೊಂಡರೆ ಮಾತ್ರ ಅದು ತಪ್ಪಬಹುದು. ಎಲ್ಲ ಪರೀಕ್ಷೆಗಳೂ ಸರಿಯಿದ್ದು ನೋವು ಉಳಿಯುವವರೂ ಇದ್ದಾರೆ. ವರ್ಷಗಟ್ಟಲೆ ನೋವುಂಡ ನರಮಂಡಲ ಸಣ್ಣ ಸುದ್ದಿಯನ್ನೂ ಕೂಗಿ ಹೇಳುವುದಕ್ಕೆ ಪಳಗಿರುತ್ತದೆ. ಇದು ‘ಮನಸ್ಸಿನ ನೋವು’ ಅಲ್ಲ, ನಿಜವಾದ ನೋವೇ. ನಿದ್ದೆ ಸರಿಪಡಿಸುವುದು, ನಡಿಗೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುವುದು, ಒಳ್ಳೆಯ ದಿನ ಹಿಗ್ಗಿ ತೋಟವೆಲ್ಲ ಸುತ್ತಿ ಮರುದಿನ ಹಾಸಿಗೆ ಹಿಡಿಯದಿರುವುದು ಇಂಥವರಿಗೆ ಗುಳಿಗೆಗಿಂತ ಹೆಚ್ಚು ನೆರವಾಗುತ್ತದೆ. ಕಾರಣ ತಿಳಿಯದೆ ಮಾಡಿದ ಮರು ಆಪರೇಶನ್ ನೋವು ತೆಗೆಯುವುದು ಅಪರೂಪ. ಸಡಿಲ, ಸೋಂಕು, ಸವೆತ, ಪದೇ ಪದೇ ತಪ್ಪುವ ಕೀಲು, ಇಂಥ ಖಚಿತ ಕಾರಣ ಸಿಕ್ಕಾಗ ಮಾತ್ರ ಅದಕ್ಕೆ ಅರ್ಥ.

ಆ ಖಚಿತತೆಗೆ ಬೇಕಾದದ್ದು ಹಳೆಯ ಎಕ್ಸ್‌ರೇಗಳು. ಇಂದಿನ ಒಂದು ಚಿತ್ರ ಹೆಚ್ಚೇನೂ ಹೇಳುವುದಿಲ್ಲ. ಆಪರೇಶನ್ ಆದ ವಾರದ್ದು, ಆರು ವಾರದ್ದು, ವರ್ಷದ್ದು ಪಕ್ಕದಲ್ಲಿದ್ದರೆ ಕಾಂಡ ಎರಡು ಮಿ.ಮೀ. ಕೆಳಗಿಳಿದದ್ದೂ ಕಾಣುತ್ತದೆ. ಆದರೆ ಈ ಚಿತ್ರಗಳೆಲ್ಲ ಒಂದೇ ಊರಿನಲ್ಲಿ ಉಳಿಯುವುದಿಲ್ಲ. ಉತ್ತರ ಕನ್ನಡದಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲಿ, ಮತ್ತೆ 2022ರಲ್ಲಿ ಜನ ದೊಡ್ಡದಾಗಿ ಕೂಗೆಬ್ಬಿಸಿದ್ದರು; ಇಂಥ ಚಿಕಿತ್ಸೆಗೆ ಇಲ್ಲಿನವರು ಹುಬ್ಬಳ್ಳಿ, ಮಣಿಪಾಲ, ಮಂಗಳೂರಿನ ದಾರಿ ಹಿಡಿಯುವುದು ವಾಡಿಕೆ. ಆಪರೇಶನ್ ಒಂದು ಊರಲ್ಲಿ, ತಪಾಸಣೆ ಇನ್ನೊಂದು ಊರಲ್ಲಿ, ಫಿಸಿಯೋಥೆರಪಿ ಶಿರಸಿಯಲ್ಲಿ ಎಂದಾದಾಗ ಮೂರು ಕಡೆಯ ಕಥೆಯನ್ನು ಜೋಡಿಸುವುದು ರೋಗಿಯ ಕೈಚೀಲ ಮಾತ್ರ. ಅದರಲ್ಲಿ ಡಿಸ್ಚಾರ್ಜ್ ಚೀಟಿ, ಎಲ್ಲ ಎಕ್ಸ್‌ರೇಗಳು, ಹಾಕಿದ ಕೀಲಿನ ಕಂಪನಿ ಮತ್ತು ಸಂಖ್ಯೆಯಿರುವ ಸ್ಟಿಕ್ಕರಿನ ಹಾಳೆ ಇರಬೇಕು. ಆಷಾಢದ ತೇವಕ್ಕೆ ಎಕ್ಸ್‌ರೇ ಹಾಳೆಗಳು ಒಂದಕ್ಕೊಂದು ಅಂಟಿ ಕಿತ್ತುಬರುವುದರಿಂದ ನಡುವೆ ಒಣ ಕಾಗದವಿಟ್ಟು ಅಡುಗೆಮನೆಯ ಒಲೆಯಿರುವ ಗೋಡೆಯ ಕಡೆ ತೂಗುಹಾಕುವುದು, ಇಲ್ಲವೇ ಎಲ್ಲದರ ಫೋಟೊ ತೆಗೆದು ಮಕ್ಕಳ ಮೊಬೈಲಿಗೂ ಕಳಿಸಿಡುವುದು ಅನುಕೂಲ.